ಮುಚ್ಚುವ ಮುನ್ನ ನೋಡುವವರು

1933ರ ಮಾರ್ಚ್ 10, ಶುಕ್ರವಾರ ಸಂಜೆ 5 ಗಂಟೆ 54 ನಿಮಿಷಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಡುಗಿತು. ಭೂಕಂಪದ ತೀವ್ರತೆ 6.4. ಸತ್ತವರು ಸುಮಾರು 120 ಮಂದಿ. ಊರು ಧೂಳು ಕೊಡವಿಕೊಂಡು ಎದ್ದು ನೋಡಿದಾಗ ಎಲ್ಲಕ್ಕಿಂತ ಹೆಚ್ಚು ಹಾಳಾಗಿದ್ದವು ಶಾಲೆಗಳು. ಎಪ್ಪತ್ತು ಶಾಲೆಗಳು ನೆಲಸಮವಾಗಿದ್ದವು, ನೂರಿಪ್ಪತ್ತಕ್ಕೆ ಭಾರಿ ಪೆಟ್ಟು ಬಿದ್ದಿತ್ತು. ಗೋಡೆ ಬಿರುಕು ಬಿಟ್ಟವು ಇನ್ನೆಷ್ಟೋ. ಮಕ್ಕಳು ಮನೆ ಸೇರಿ ಕೆಲವೇ ಗಂಟೆಗಳಾಗಿದ್ದವು. ಅದೇ ಕಂಪನ ಮಧ್ಯಾಹ್ನ ಎರಡಕ್ಕೆ ಬಂದಿದ್ದರೆ ಏನಾಗುತ್ತಿತ್ತು ಎಂಬುದು ಅಲ್ಲಿನ ಪ್ರತಿ ತಾಯಿಗೂ ಆ ರಾತ್ರಿಯೇ ಹೊಳೆದಿತ್ತು.

ಆ ಶಾಲೆಗಳು ನೋಡಲು ಚೆಂದವಿದ್ದವು. ಎತ್ತರದ ಗೋಪುರ, ಬಾಗಿಲ ಮೇಲೆ ಭಾರವಾದ ಅಲಂಕಾರ, ಮಾಳಿಗೆಯ ಅಂಚಿಗೆ ಇಟ್ಟಿಗೆಯ ಕೈಪಿಡಿ ಗೋಡೆ. ಒಳಗೆ ಮಾತ್ರ ಗೋಡೆಗೂ ಮಾಳಿಗೆಗೂ ಕಟ್ಟು ಇರಲಿಲ್ಲ, ಇಟ್ಟಿಗೆಯ ನಡುವೆ ಒಂದು ಸರಳೂ ಇರಲಿಲ್ಲ, ಗಚ್ಚು ತೀರಾ ಸಪ್ಪೆ. ಕುಸಿದ ರಾಶಿಯಲ್ಲಿ ಇಟ್ಟಿಗೆಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ನಮ್ಮಪ್ಪ ಆಳಂದ ಕಡೆಯ ಗೌಂಡಿ. ಅಂಥ ಒಂದು ಫೋಟೋ ತೋರಿಸಿದರೆ, ಗಚ್ಚು ಇಟ್ಟಿಗೆಯನ್ನು ಹಿಡಿದೇ ಇರಲಿಲ್ಲ ಎಂದು ಒಂದೇ ನೋಟಕ್ಕೆ ಹೇಳುತ್ತಿದ್ದರು. 1933ರಲ್ಲಿ ತನಿಖೆ ನಡೆಸಿದ ಎಂಜಿನಿಯರುಗಳು ಬರೆದದ್ದೂ ಬಹುಮಟ್ಟಿಗೆ ಅದನ್ನೇ. ಕಂಪನಕ್ಕಿಂತ ಹೆಚ್ಚು ದೂರು ಅವರು ಹೊರಿಸಿದ್ದು ಕಳಪೆ ವಿನ್ಯಾಸದ ಮೇಲೆ, ಕಳಪೆ ಕೆಲಸದ ಮೇಲೆ, ಯಾರೂ ನಿಂತು ನೋಡದೆ ಇದ್ದುದರ ಮೇಲೆ.

ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 10ರಂದು, ಕ್ಯಾಲಿಫೋರ್ನಿಯಾದಲ್ಲಿ ಫೀಲ್ಡ್ ಕಾಯಿದೆ ಬಂತು. ಅದನ್ನು ಮಂಡಿಸಿದ ಶಾಸಕರ ಹೆಸರೇ ಕಾಯಿದೆಗೂ ನಿಂತಿತು. ಆಗ ಆರ್ಥಿಕ ಮುಗ್ಗಟ್ಟಿನ ನಟ್ಟ ನಡುವಿನ ದಿನಗಳು; ಭೂಕಂಪ ಆದ ವಾರ ದೇಶದ ಬ್ಯಾಂಕುಗಳೇ ಬಾಗಿಲು ಹಾಕಿದ್ದವು. ಜನರ ಕೈಯಲ್ಲಿ ದುಡ್ಡಿರಲಿಲ್ಲ, ಸರ್ಕಾರದ ಕೈಯಲ್ಲೂ ಇರಲಿಲ್ಲ. ಲಾಂಗ್ ಬೀಚ್‌ನ ಮಕ್ಕಳು ಡೇರೆಗಳಲ್ಲಿ ಕೂತು ಪಾಠ ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ, ಶಾಲೆ ಕಟ್ಟುವ ಖರ್ಚನ್ನು ಹೆಚ್ಚಿಸುವ ಕಾನೂನನ್ನು ಮೂವತ್ತೊಂದು ದಿನಗಳಲ್ಲಿ ಜಾರಿಗೆ ತಂದರು. ಈ ಕಾಯಿದೆಯ ಕೆಳಗೆ ಇನ್ಸ್‌ಪೆಕ್ಟರ್ ಆಗಿ ದುಡಿದು ಬದುಕಿದವನು ನಾನು. ಆ ವೇಗವನ್ನು ನೆನೆದಾಗಲೆಲ್ಲ ಗೌರವ ಉಕ್ಕುತ್ತದೆ.

ಅದಕ್ಕೆ ನೆಲ ಮೊದಲೇ ಹದವಾಗಿತ್ತು ಅನ್ನುವುದನ್ನೂ ಹೇಳಬೇಕು. 1925ರಲ್ಲಿ ಸಾಂತಾ ಬಾರ್ಬರಾದಲ್ಲಿ ಭೂಕಂಪವಾಗಿತ್ತು. 1927ರಲ್ಲಿ ಬಂದ ಮೊದಲ ಯೂನಿಫಾರ್ಮ್ ಬಿಲ್ಡಿಂಗ್ ಕೋಡ್ ಭೂಕಂಪದ ನಿಯಮಗಳನ್ನು ಅನುಬಂಧದಲ್ಲಿಟ್ಟು, ಬೇಕಾದವರು ಪಾಲಿಸಿ ಎಂದಿತ್ತು. 1928ರ ಮಾರ್ಚ್ 12ರ ನಡುರಾತ್ರಿ ಲಾಸ್ ಏಂಜಲೀಸ್‌ಗೆ ನೀರುಣಿಸುವ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಅದನ್ನು ಕಟ್ಟಿಸಿದ ವಿಲಿಯಂ ಮುಲ್‌ಹಾಲೆಂಡ್ ಆ ನಗರದ ಆರಾಧ್ಯ ಪುರುಷ. ಒಬ್ಬ ದೊಡ್ಡ ಮನುಷ್ಯನ ಮಾತನ್ನೇ ಸಾಕ್ಷಿಯೆಂದು ನಂಬಿದ ಕಾಲ ಅಲ್ಲಿಗೆ ಮುಗಿಯಿತು. ಮರುವರ್ಷವೇ, 1929ರಲ್ಲಿ, ಸಿವಿಲ್ ಎಂಜಿನಿಯರ್ ಎಂದು ಹೇಳಿಕೊಳ್ಳಲು ಪರವಾನಗಿ ಬೇಕೆಂಬ ಕಾನೂನು ಬಂತು. ನಕ್ಷೆ ಬರೆಯುವವನ ಅರ್ಹತೆ ಹೀಗೆ ನಿಗದಿಯಾಯಿತು. ನಕ್ಷೆಯಲ್ಲಿದ್ದದ್ದು ಗೋಡೆಯಲ್ಲಿದೆಯೇ ಎಂದು ನೋಡುವವನು ಯಾರು ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಕೊಟ್ಟದ್ದು ಫೀಲ್ಡ್ ಕಾಯಿದೆ.

ಕಾಯಿದೆಯ ತಿರುಳು ಇಷ್ಟು: ಶಾಲೆಯ ನಕ್ಷೆಯನ್ನು ಪರವಾನಗಿ ಪಡೆದ ವಾಸ್ತುಶಿಲ್ಪಿಯೋ ಸ್ಟ್ರಕ್ಚರಲ್ ಎಂಜಿನಿಯರೋ ಬರೆಯಬೇಕು, ರಾಜ್ಯದ ಕಚೇರಿ ಅದನ್ನು ಪರಿಶೀಲಿಸಬೇಕು, ಕಟ್ಟುವಾಗ ಮೊದಲಿಂದ ಕೊನೆಯವರೆಗೆ ಇನ್ಸ್‌ಪೆಕ್ಟರ್ ಸ್ಥಳದಲ್ಲಿರಬೇಕು. ಆ ಇನ್ಸ್‌ಪೆಕ್ಟರ್‌ಗೆ ಸಂಬಳ ಕೊಡುವುದು ಶಾಲಾ ಮಂಡಳಿ. ಅವನು ಆಗಬಹುದೆಂದು ಒಪ್ಪಬೇಕಾದವರು ವಾಸ್ತುಶಿಲ್ಪಿ, ಎಂಜಿನಿಯರ್ ಮತ್ತು ರಾಜ್ಯದ ಕಚೇರಿ. ಗುತ್ತಿಗೆದಾರನ ಋಣ ಅವನ ಮೇಲೆ ಒಂದು ಪೈಸೆಯಷ್ಟೂ ಇರಕೂಡದು. ಕೊನೆಗೆ ವಾಸ್ತುಶಿಲ್ಪಿ, ಎಂಜಿನಿಯರ್, ಗುತ್ತಿಗೆದಾರ, ಇನ್ಸ್‌ಪೆಕ್ಟರ್ ಎಲ್ಲರೂ ಬೇರೆ ಬೇರೆಯಾಗಿ, ಅನುಮೋದಿತ ನಕ್ಷೆಯಂತೆ ಕೆಲಸ ಆಗಿದೆ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕು. ಸುಳ್ಳು ಬರೆದರೆ ದಂಡ ಕಟ್ಟಿ ಪಾರಾಗುವಂತಿಲ್ಲ, ಅದು ಗಂಭೀರ ಅಪರಾಧ, ಜೈಲಿಗೆ ಹೋಗಬೇಕಾದೀತು. ಅದೇ ವರ್ಷ ಮೇ ತಿಂಗಳಲ್ಲಿ ಬಂದ ರೈಲಿ ಕಾಯಿದೆ, ಉಳಿದ ಕಟ್ಟಡಗಳಿಗಾಗಿ ಊರೂರಿನಲ್ಲೂ ಕಟ್ಟಡ ಇಲಾಖೆ ಇರಲೇಬೇಕು, ತಪಾಸಣೆ ಆಗಲೇಬೇಕು ಎಂದಿತು.

ಶಾಲೆಯ ಇನ್ಸ್‌ಪೆಕ್ಟರ್ ಆಗಲು ಈಗ ಸುಮ್ಮನೆ ಅನುಭವ ಸಾಲದು. ನಕ್ಷೆ ಪರಿಶೀಲಿಸುವ ರಾಜ್ಯದ ಆ ಕಚೇರಿಯ ಇಂದಿನ ಹೆಸರು ಡಿವಿಷನ್ ಆಫ್ ದಿ ಸ್ಟೇಟ್ ಆರ್ಕಿಟೆಕ್ಟ್. ನಾವೆಲ್ಲ ಡಿಎಸ್‌ಎ ಅನ್ನುತ್ತೇವೆ. ಅದು ಪರೀಕ್ಷೆ ನಡೆಸಿ ನಾಲ್ಕು ದರ್ಜೆಗಳಲ್ಲಿ ಪ್ರಮಾಣಪತ್ರ ಕೊಡುತ್ತದೆ. ಮೊದಲ ದರ್ಜೆಯವರು ಯಾವ ಶಾಲೆಯ ಕೆಲಸವನ್ನಾದರೂ ನೋಡಬಹುದು. ನಾಲ್ಕನೆಯದಕ್ಕೆ ಇಳಿಯುವಷ್ಟರಲ್ಲಿ ಸಣ್ಣಪುಟ್ಟ ಕೆಲಸಗಳಷ್ಟೇ. ಪರೀಕ್ಷೆಗೆ ಕೂರಲು ಇಷ್ಟು ವರ್ಷದ ಕೆಲಸ ಆಗಿರಬೇಕು, ನಿಯಮಗಳ ಪುಸ್ತಕ ಬಲ್ಲವರಾಗಿರಬೇಕು, ನಕ್ಷೆ ಓದಲು ಬರಬೇಕು. ಪಾಸಾದ ಮೇಲೂ ಆಗಾಗ ಮರುಪರೀಕ್ಷೆ ಉಂಟು. ಇಷ್ಟೆಲ್ಲ ಆದವರು ಕೂಡ ಪ್ರತಿ ಹೊಸ ಶಾಲೆಗೂ ಹೊಸದಾಗಿ ಒಪ್ಪಿಗೆ ಪಡೆಯಬೇಕು. ನನಗಂತೂ ಇದರಲ್ಲಿ ಬಹಳ ಹಿಡಿಸಿದ್ದು ಈ ಕೊನೆಯ ನಿಯಮ. ಪ್ರಮಾಣಪತ್ರ ಗೋಡೆಗೆ ತೂಗುಹಾಕುವ ವಸ್ತುವಾಗದಂತೆ ಅದು ಕಾಯುತ್ತದೆ.

ನಿಂತು ನೋಡುವುದು ಅಂದರೇನು ಎಂದು ಕೇಳಿದವರಿಗೆ ನಾನು ಕಾಂಕ್ರೀಟ್ ಬ್ಲಾಕಿನ ಗೋಡೆಯ ಮಾತು ಹೇಳುತ್ತೇನೆ. ಸಾನ್ ಗೇಬ್ರಿಯಲ್ ಕಣಿವೆಯ ಒಂದು ಶಾಲೆಯಲ್ಲಿ ವ್ಯಾಯಾಮ ಶಾಲೆಯ ಗೋಡೆ ಏಳುತ್ತಿತ್ತು. ಬ್ಲಾಕಿನ ಟೊಳ್ಳಿನೊಳಗೆ ಉದ್ದುದ್ದ ಸರಳು ನಿಲ್ಲಿಸಿ, ಆಮೇಲೆ ತೆಳುವಾದ ಕಾಂಕ್ರೀಟ್ ಸುರಿದು ಗೋಡೆ ಗಟ್ಟಿ ಮಾಡುತ್ತಾರೆ. ಒಂದೇ ಸಲಕ್ಕೆ ಆಳೆತ್ತರ ಸುರಿಯುವುದಾದರೆ ಎಲ್ಲಕ್ಕಿಂತ ಕೆಳಗಿನ ಸಾಲಿನ ಬ್ಲಾಕಿಗೆ ಕಿಂಡಿ ಬಿಟ್ಟಿರಬೇಕು. ನೆಲಕ್ಕೆ ಕೂತು ಆ ಕಿಂಡಿಯಲ್ಲಿ ಕೈಗನ್ನಡಿ ಹಿಡಿದು ಟಾರ್ಚ್ ಬಿಟ್ಟರೆ ಮೇಲಿನವರೆಗೂ ಕಾಣುತ್ತದೆ. ಸರಳಿಗೆ ಸರಳು ಎಷ್ಟು ಉದ್ದ ಜೊತೆಯಾಗಿದೆ, ಬ್ಲಾಕ್ ಕಟ್ಟುವಾಗ ಕರಣೆಯಿಂದ ಉದುರಿದ ಗಚ್ಚು ಬುಡದಲ್ಲಿ ಗುಡ್ಡೆಯಾಗಿದೆಯೇ ಎಲ್ಲ ಗೊತ್ತಾಗುತ್ತದೆ. ಆ ದಿನ ಒಂದು ಮೂಲೆಯಲ್ಲಿ ಗುಡ್ಡೆ ಇತ್ತು, ಅಂಗೈ ಎತ್ತರ. ಅದರ ಮೇಲೆ ಕಾಂಕ್ರೀಟ್ ಬಿದ್ದರೆ ಗೋಡೆಯ ಬುಡ ತಳಪಾಯಕ್ಕೆ ಅಂಟುವುದಿಲ್ಲ. ಭೂಕಂಪಕ್ಕೆ ಮೊದಲು ಜಾರುವುದೇ ಆ ಜಾಗ. ಕಾಂಕ್ರೀಟ್ ಪಂಪಿನ ಲಾರಿ ಹೊರಗೆ ಗುಡುಗುತ್ತ ನಿಂತಿತ್ತು, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುತ್ತಿತ್ತು. ನಾನು ಬೇಡ ಅಂದೆ. ಮೇಸ್ತ್ರಿ ಮೆಕ್ಸಿಕೋ ಕಡೆಯವರು, ನನಗಿಂತ ಹಿರಿಯರು. ಒಂದು ಮಾತೂ ಆಡದೆ ಬಂದು ನನ್ನ ಪಕ್ಕ ಮೊಣಕಾಲೂರಿ ಕನ್ನಡಿಯಲ್ಲಿ ತಾವೂ ನೋಡಿದರು, ಹುಡುಗರನ್ನು ಕರೆದು ಕಬ್ಬಿಣದ ಸಲಾಕೆಯಿಂದ ಕೆರೆಸಿದರು. ಸುರಿದಾದ ಮೇಲೆ ಆ ಗೋಡೆಯೊಳಗೆ ಏನಿದೆ ಎಂದು ಬಲ್ಲವರು ಈ ಲೋಕದಲ್ಲಿ ನಾವಿಬ್ಬರೇ.

ಅಷ್ಟಾದರೂ ಮಾತನ್ನೇ ನಂಬುವುದಿಲ್ಲ. ಗೋಡೆ ಗಟ್ಟಿಯಾದ ಮೇಲೆ ಡ್ರಿಲ್ ಹಾಕಿ ದುಂಡನೆಯ ತುಂಡು ತೆಗೆದು, ಬ್ಲಾಕಿಗೂ ಒಳಗಿನ ಕಾಂಕ್ರೀಟಿಗೂ ಹಿಡಿತ ಹೇಗಿದೆ ಎಂದು ಪ್ರಯೋಗಾಲಯದಲ್ಲಿ ಜಾರಿಸಿ ನೋಡುತ್ತಾರೆ. ಬ್ಲಾಕ್ ಗೋಡೆ ನೋಡುವ ವಿಶೇಷ ಇನ್ಸ್‌ಪೆಕ್ಟರ್‌ಗೆ ಡಿಎಸ್‌ಎ ಬೇರೆಯದೇ ಪರೀಕ್ಷೆ ಇಟ್ಟಿದೆ. ಅಪ್ಪನ ಕಸುಬನ್ನು ಗೌರವಿಸುವ ಪರೀಕ್ಷೆ ಎಂದೇ ನಾನದನ್ನು ಭಾವಿಸುತ್ತೇನೆ. ಕಟ್ಟಿ ಗೊತ್ತಿದ್ದವರಿಗೆ ಅದರ ಪ್ರಶ್ನೆಗಳು ಬೇಗ ಅರ್ಥವಾಗುತ್ತವೆ.

ಶಾಲೆಗಳಿಗೆ ಬಂದ ಬುದ್ಧಿ ಆಸ್ಪತ್ರೆಗಳಿಗೆ ಬರಲು ಇನ್ನೊಂದು ದುರಂತ ಬೇಕಾಯಿತು. 1971ರ ಫೆಬ್ರವರಿ 9ರ ಬೆಳಗಿನ ಸಾನ್ ಫರ್ನಾಂಡೋ ಭೂಕಂಪದಲ್ಲಿ ಸತ್ತ ಅರವತ್ತಕ್ಕೂ ಹೆಚ್ಚು ಜನರಲ್ಲಿ ಬಹುಪಾಲು, ಅಂದರೆ ನಲವತ್ತೊಂಬತ್ತು ಮಂದಿ, ಮಾಜಿ ಸೈನಿಕರ ಹಳೆಯ ಆಸ್ಪತ್ರೆಯೊಂದರಲ್ಲೇ ಇದ್ದವರು. ಅದು 1933ಕ್ಕಿಂತ ಹಿಂದಿನ ಕಟ್ಟಡ. ಹತ್ತಿರದಲ್ಲೇ ಇದ್ದ ಆಲಿವ್ ವ್ಯೂ ಆಸ್ಪತ್ರೆಯಾದರೋ ಹೊಚ್ಚಹೊಸದು, ಆದರೂ ನೆಲಮಹಡಿ ಸುಮಾರು ಎರಡು ಅಡಿ ವಾಲಿ ನಿಂತಿತು. ಅದರ ಕಂಬಗಳ ಫೋಟೋಗಳನ್ನು ಇಂದಿಗೂ ತರಗತಿಗಳಲ್ಲಿ ತೋರಿಸುತ್ತಾರೆ. ನಿಂತ ಸರಳುಗಳ ಸುತ್ತ ಕಬ್ಬಿಣವನ್ನು ಸುರುಳಿಯಾಗಿ ಸುತ್ತಿದ್ದ ಕಂಬಗಳು ಬಾಗಿದರೂ ಭಾರ ಹೊತ್ತೇ ಇದ್ದವು. ಬಿಡಿ ರಿಂಗ್ ಹಾಕಿದ್ದ ಮೂಲೆಯ ಕಂಬಗಳ ಕಾಂಕ್ರೀಟ್ ಪುಡಿಯಾಗಿ, ಸರಳು ಹೊರಗೆ ಉಬ್ಬಿ ನಿಂತಿದ್ದವು. ನಮ್ಮಲ್ಲಿ ಬಾರ್ ಬೆಂಡರ್ ಹುಡುಗರು ದಿನಕ್ಕೆ ನೂರಾರು ಬಗ್ಗಿಸುವ ಆ ಸಣ್ಣ ರಿಂಗಿನ ಮೇಲೆ ಇಡೀ ಮಹಡಿಯ ಜೀವ ನಿಂತಿರುತ್ತದೆ.

ಅದರ ಬೆನ್ನಿಗೆ, ಸೆನೆಟರ್ ಆಲ್ಫ್ರೆಡ್ ಆಲ್ಕ್ವಿಸ್ಟ್ ಹೆಸರಿನ ಆಸ್ಪತ್ರೆ ಕಾಯಿದೆ 1973ರಲ್ಲಿ ಜಾರಿಗೆ ಬಂತು. ಆಸ್ಪತ್ರೆ ಇನ್ಸ್‌ಪೆಕ್ಟರ್‌ಗಳಿಗೆ ಎ, ಬಿ, ಸಿ ಎಂಬ ಮೂರು ದರ್ಜೆಗಳಿವೆ. ಶಾಲೆಯ ಮೊದಲ ದರ್ಜೆಯ ಪತ್ರ ಇದ್ದವರೂ ಇಲ್ಲಿ ಬೇರೆ ಪರೀಕ್ಷೆ ಬರೆಯಬೇಕು. ಇಷ್ಟು ಬಿಗಿ ಯಾಕೆ ಎಂದು ಕೇಳುವವರಿಗೆ ಅದೇ ಆಲಿವ್ ವ್ಯೂನಲ್ಲೇ ಉತ್ತರವಿದೆ. ಹಳೆಯದನ್ನು ಕೆಡವಿ ಬಲವಾಗಿ ಹೊಸದು ಕಟ್ಟಿದರು. 1994ರ ಜನವರಿ 17ರ ನಸುಕಿನ ನಾರ್ತ್‌ರಿಜ್ ಭೂಕಂಪದಲ್ಲಿ ಆ ಹೊಸ ಕಟ್ಟಡದ ಗೋಡೆ ಕಂಬಗಳು ಗಟ್ಟಿಯಾಗಿ ನಿಂತವು, ಆದರೆ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಕೊಳವೆಗಳು ಒಡೆದು ನೀರು ನುಗ್ಗಿ ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು. ಕೊಳವೆಯನ್ನು ಛಾವಣಿಗೆ ಹೇಗೆ ಬಿಗಿದಿದೆ ಎಂದು ನೋಡಬಲ್ಲ ಕಣ್ಣು ಬೇರೆ, ಸರಳು ನೋಡುವ ಕಣ್ಣು ಬೇರೆ. ಎಲ್ಲ ಬಲ್ಲೆ ಎನ್ನುವ ಒಬ್ಬ ಇನ್ಸ್‌ಪೆಕ್ಟರ್‌ನ ಕಾಲ ಹೋಗಿ ಒಂದೊಂದು ಕೆಲಸಕ್ಕೂ ಒಬ್ಬೊಬ್ಬ ಪರಿಣತ ಬಂದದ್ದು ಇಂಥ ಅನುಭವಗಳಿಂದ. ಲಾಸ್ ಏಂಜಲೀಸ್ ನಗರವಂತೂ ಡೆಪ್ಯುಟಿ ಇನ್ಸ್‌ಪೆಕ್ಟರ್ ಎಂಬ ಹೆಸರಿನಲ್ಲಿ ಕಾಂಕ್ರೀಟಿಗೆ, ಬ್ಲಾಕ್ ಗೋಡೆಗೆ, ಉಕ್ಕು ಮತ್ತು ವೆಲ್ಡಿಂಗಿಗೆ, ಮಣ್ಣು ಹದಗೊಳಿಸುವುದಕ್ಕೆ, ನೆಲದಡಿಯ ಮೀಥೇನ್ ಅನಿಲ ತಡೆಯುವ ಹೊದಿಕೆಗೆ ಕೂಡ ಪ್ರತ್ಯೇಕ ನೋಂದಣಿ ಮಾಡುತ್ತದೆ.

ವೆಲ್ಡಿಂಗ್ ಕತೆ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಅಮೆರಿಕನ್ ವೆಲ್ಡಿಂಗ್ ಸೊಸೈಟಿ 1976ರಲ್ಲೇ ವೆಲ್ಡಿಂಗ್ ಇನ್ಸ್‌ಪೆಕ್ಟರ್‌ಗಳಿಗೆ ಪ್ರಮಾಣಪತ್ರ ಕೊಡಲು ಶುರು ಮಾಡಿತ್ತು. ಪರೀಕ್ಷೆಗೆ ಮೂರು ಭಾಗ: ತಿಳಿವಳಿಕೆಯದು ಒಂದು, ಮಾದರಿ ಬೆಸುಗೆಗಳನ್ನು ಕೈಯಲ್ಲಿ ಹಿಡಿದು ಅಳೆಯುವುದು ಒಂದು, ನಿಯಮ ಪುಸ್ತಕ ತೆರೆದು ಉತ್ತರ ಹುಡುಕುವುದು ಒಂದು. ಪ್ರತಿ ಭಾಗದಲ್ಲೂ ನೂರಕ್ಕೆ 72 ಬರಬೇಕು. ಇದಕ್ಕೆಲ್ಲ ಮುಂಚೆ ಕಣ್ಣಿನ ಪರೀಕ್ಷೆ: ಹನ್ನೆರಡು ಇಂಚು ದೂರದಲ್ಲಿ ಹಿಡಿದ ಸಣ್ಣ ಅಕ್ಷರದ ಸಾಲನ್ನು ಓದಿ ತೋರಿಸಬೇಕು. ಕನ್ನಡಕ ಹಾಕಿಕೊಳ್ಳಬಹುದು, ಕಾಣಲೇಬೇಕು. ಮೂರು ವರ್ಷಕ್ಕೊಮ್ಮೆ ಪ್ರಮಾಣಪತ್ರ ನವೀಕರಿಸಬೇಕು, ಒಂಬತ್ತು ವರ್ಷವಾದ ಮೇಲೆ ಮತ್ತೆ ಅರ್ಹತೆ ತೋರಿಸಬೇಕು. ನೋಡುವ ಕೆಲಸಕ್ಕೆ ಹೊರಟವರಿಗೆ ಕಣ್ಣು ಕಾಣುತ್ತದೆಯೇ ಎಂದು ಮೊದಲು ಕೇಳುವ ಈ ಸರಳ ವಿವೇಕ ನನಗೆ ತುಂಬ ಇಷ್ಟ.

ಇಷ್ಟಿದ್ದೂ ನಾರ್ತ್‌ರಿಜ್ ದೊಡ್ಡ ಪಾಠ ಕಲಿಸಿತು. ಉಕ್ಕಿನ ಚೌಕಟ್ಟಿನ ಕಟ್ಟಡ ಭೂಕಂಪಕ್ಕೆ ಬಾಗುತ್ತದೆ, ಮುರಿಯುವುದಿಲ್ಲ ಎಂದು ಇಡೀ ವೃತ್ತಿಯೇ ನಂಬಿತ್ತು. ಹೊರಗಿನಿಂದ ಒಂದು ಗೀರೂ ಕಾಣದಿದ್ದ ಕಟ್ಟಡಗಳಲ್ಲಿ ಸುಳ್ಳು ಛಾವಣಿ ಬಿಚ್ಚಿ, ಬೆಂಕಿನಿರೋಧಕ ಲೇಪ ಕೆರೆದು ನೋಡಿದರೆ ತೊಲೆ ಮತ್ತು ಕಂಬ ಕೂಡುವಲ್ಲಿ ಬೆಸುಗೆ ಸೀಳಿತ್ತು. ಒಂದೆರಡಲ್ಲ, ನೂರಕ್ಕೂ ಹೆಚ್ಚು ಕಟ್ಟಡಗಳಲ್ಲಿ. ಬೆಸುಗೆಗೆ ಬಳಸಿದ ತಂತಿ ಹಠಾತ್ ಹೊಡೆತ ತಾಳದಷ್ಟು ಪೆಡಸಾಗಿತ್ತು. ಬೆಸೆಯುವಾಗ ಕೆಳಗೆ ಆಧಾರಕ್ಕಿಟ್ಟ ಪಟ್ಟಿಯನ್ನು ಹಾಗೆಯೇ ಬಿಟ್ಟಿದ್ದರಿಂದ ಬಿರುಕಿಗೆ ಬುಡ ಸಿಕ್ಕಿತ್ತು, ಅದರ ಹಿಂದಿನ ದೋಷ ಪರೀಕ್ಷಿಸುವವರಿಗೂ ಸರಿಯಾಗಿ ಕಾಣುತ್ತಿರಲಿಲ್ಲ. ಎಂಜಿನಿಯರುಗಳ ಸಂಘ, ವಿಶ್ವವಿದ್ಯಾಲಯಗಳು ಸೇರಿ ವರ್ಷಗಟ್ಟಲೆ ಸಂಶೋಧನೆ ನಡೆಸಿದವು. 2000ದಲ್ಲಿ ಬಂದ ಮಾರ್ಗಸೂಚಿಗಳಲ್ಲಿ ಒಂದು ಇಡೀ ಸಂಪುಟ ಗುಣಮಟ್ಟದ ಖಾತ್ರಿಗೆ ಮೀಸಲಾಯಿತು. ಯಾವ ಬೆಸುಗೆಯನ್ನು ಯಾರು, ಯಾವಾಗ ನೋಡಬೇಕು ಎಂಬುದು ಆಮೇಲೆ ಇನ್ನಷ್ಟು ನಿಖರವಾಯಿತು. ಶಾಲೆಗಳ ಕತೆ ಕೇಳಿದರೆ, ಫೀಲ್ಡ್ ಕಾಯಿದೆಯಡಿ ಕಟ್ಟಿದ ಒಂದೂ ಶಾಲೆ ನಾರ್ತ್‌ರಿಜ್‌ನಲ್ಲಿ ಕುಸಿಯಲಿಲ್ಲ. ದೀಪದ ಚೌಕಟ್ಟುಗಳು ಬೆಂಚುಗಳ ಮೇಲೆ ಬಿದ್ದವು. ಅದು ರಜೆಯ ದಿನದ ನಸುಕಾಗಿತ್ತು, ಮಕ್ಕಳು ಇರಲಿಲ್ಲ.

ಇಷ್ಟು ಹೊಗಳಿದ ಕಾಯಿದೆಯ ಸೋರುವ ಮೂಲೆಯನ್ನೂ ತೋರಿಸದಿದ್ದರೆ ಇನ್ಸ್‌ಪೆಕ್ಟರ್ ಆಗಿ ನನ್ನ ಮಾತಿಗೆ ಬೆಲೆಯಿಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾ ವಾಚ್ ಎಂಬ ಪತ್ರಕರ್ತರ ತಂಡ, ರಾಜ್ಯದ ಸಾವಿರಾರು ಶಾಲಾ ಕಾಮಗಾರಿಗಳಿಗೆ ಅಂತಿಮ ಪ್ರಮಾಣಪತ್ರವೇ ಸಿಕ್ಕಿಲ್ಲ ಎಂದು ಬಯಲಿಗೆಳೆಯಿತು. ಅದೇ ವರ್ಷದ ಕೊನೆಗೆ ರಾಜ್ಯದ ಲೆಕ್ಕಪರಿಶೋಧಕರು ಅಂಥವನ್ನು ಎಣಿಸಿದಾಗ 16,000ಕ್ಕೂ ಹೆಚ್ಚು ಇದ್ದವು. ಎಷ್ಟೋ ಕಡೆ ಕಾಗದ ಒಂದು ಬಾರದೆ ಹೋಗಿತ್ತು ಅಷ್ಟೇ. ಇನ್ನು ಕೆಲವು ಕಡೆ ನಿಜವಾದ ದೋಷ ಇತ್ತು. ಯಾವುದು ಕಾಗದದ ಕೊರತೆ, ಯಾವುದು ಗೋಡೆಯ ಕೊರತೆ ಎಂದು ದೂರದಿಂದ ಹೇಳಲಾಗದ ಸ್ಥಿತಿ, ಮಕ್ಕಳು ಮಾತ್ರ ಒಳಗೆ ಕೂತಿದ್ದರು. ನನಗೆ ಆ ವರದಿ ಓದಿ ಸಿಟ್ಟು ಬಂದಿತ್ತು, ಅದು ಇನ್ನೂ ಪೂರ್ತಿ ಇಳಿದಿಲ್ಲ. 2013ರಲ್ಲಿ ತಪಾಸಣೆಯ ಕಾರ್ಡ್ ಬಂತು. ತಳಪಾಯ, ಗೋಡೆ, ಛಾವಣಿ ಹೀಗೆ ಪ್ರತಿ ಹಂತಕ್ಕೂ ಇನ್ಸ್‌ಪೆಕ್ಟರ್ ಸಹಿ ಹಾಕಿದ ಮೇಲಷ್ಟೇ ಅದನ್ನು ಮುಚ್ಚಬೇಕು. ಎಲ್ಲ ಮುಗಿದ ಮೇಲೆ ಕಾಗದ ಹುಡುಕುವ ಪಾಡು ಅದರಿಂದ ತಪ್ಪಿತು.

ನಮ್ಮ ಕಡೆಗೆ ಬರುತ್ತೇನೆ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಿಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ನಡುಗಿದಾಗ ಆಳಂದದ ನಮ್ಮ ಮನೆಯ ಗೋಡೆಯೂ ಬಾಯಿ ಬಿಟ್ಟಿತ್ತು; ಗಡಿಯಾಚೆ ಕಲ್ಲು ಮಣ್ಣಿನ ಗೋಡೆಗಳ ಕೆಳಗೆ ಸಾವಿರಾರು ಜನ ಹೋದರು. ಕಂಬದ ರಿಂಗಿನ ತುದಿಯನ್ನು 135 ಡಿಗ್ರಿ ಒಳಕ್ಕೆ ಬಗ್ಗಿಸಬೇಕು ಎಂದು ಹೇಳುವ ಭಾರತೀಯ ಮಾನಕ, ಐಎಸ್ 13920, ಪ್ರಕಟವಾದದ್ದೂ ಅದೇ 1993ರಲ್ಲಿ. ಆಲಿವ್ ವ್ಯೂ ಕಂಬಗಳ ಪಾಠ ನಮ್ಮ ಪುಸ್ತಕದಲ್ಲೂ ಇದೆ. 2004ರಲ್ಲಿ ಕುಂಭಕೋಣದ ಶಾಲೆಯಲ್ಲಿ ಬೆಂಕಿಗೆ 94 ಮಕ್ಕಳು ಬಲಿಯಾದ ಮೇಲೆ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಸುರಕ್ಷಿತ ಶಾಲೆಯಲ್ಲಿ ಓದುವುದು ಮಗುವಿನ ಹಕ್ಕಿನ ಭಾಗ, ಕಟ್ಟಡ ಸುರಕ್ಷಿತ ಎಂಬ ಪ್ರಮಾಣಪತ್ರವಿಲ್ಲದೆ ಮಾನ್ಯತೆ ಕೊಡಬಾರದು ಎಂದಿತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಸಂಕೀರ್ಣ ಕುಸಿದು ಹತ್ತೊಂಬತ್ತು ಜನ ಸತ್ತರು. ನಮಗೆ ಮಾನಕವಿದೆ, ತೀರ್ಪಿದೆ, ಓದಿದ ಎಂಜಿನಿಯರುಗಳಿಗೆ ಬರವಿಲ್ಲ. ಕಾಂಕ್ರೀಟ್ ಬೀಳುವ ದಿನ ಅಲ್ಲಿ ನಿಂತು ನೋಡಲೇಬೇಕಾದ, ಪರೀಕ್ಷೆ ಪಾಸಾದ, ಗುತ್ತಿಗೆದಾರನ ಹಂಗಿಲ್ಲದ ಒಬ್ಬ ಮನುಷ್ಯ ಇಲ್ಲ.

ನನ್ನ ಅಕ್ಕನ ಮಗ ಊರ ಕಡೆ ಎಂಜಿನಿಯರ್. ಶಾಲೆಗಳಿಗೆ ಕಟ್ಟಡ ಸುರಕ್ಷಿತ ಎಂದು ಬರೆದುಕೊಡುವ ಕೆಲಸವೂ ಅವನ ಪಾಲಿಗೆ ಬರುತ್ತದೆ. ಕಳೆದ ಸಲ ಊರಿಗೆ ಹೋದಾಗ ರಾತ್ರಿ ಊಟ ಮುಗಿಸಿ ಕೂತು ಅವನು ಹೇಳಿದ್ದು: “ಮಾಮಾ, ನಮ್ಮನ್ನ ಕರಿಯೋದು ಬಣ್ಣ ಹಚ್ಚಿದ ಮ್ಯಾಲ. ಒಳಗ ಎಷ್ಟು ಸರಳು ಹಾಕ್ಯಾರ, ರಿಂಗ್ ಎಷ್ಟು ಅಂತರಕ್ಕ ಕಟ್ಯಾರ, ನಾ ಹ್ಯಾಂಗ ಹೇಳ್ಲಿ? ಸಹಿ ಮಾಡೂ ಮುಂದ ಕೈ ನಡುಗ್ತದ.”

ಅವನು ಈಗ ಒಂದು ದಾರಿ ಹಿಡಿದಿದ್ದಾನೆ. ಹೊಸದಾಗಿ ಕಟ್ಟುವ ಶಾಲೆಯವರಿಗೆ, ಪಾಯ ತೋಡುವ ದಿನದಿಂದಲೇ ಕರೆದರೆ ಬಂದು ನೋಡುತ್ತೇನೆ, ಹಂತಹಂತಕ್ಕೂ ಬರೆದಿಡುತ್ತೇನೆ ಎಂದು ಹೇಳುತ್ತಾನೆ. ಹೆಚ್ಚಿನವರು ಕರೆಯುವುದಿಲ್ಲ. ಹಳ್ಳಿಯ ಒಂದು ಶಾಲೆಯವರು ಕರೆದಿದ್ದಾರೆ. ಪಾಯದ ಸರಳು ಕಟ್ಟಿದ ದಿನ ಅವನು ಕಳಿಸಿದ ಫೋಟೋಗಳಲ್ಲಿ ರಿಂಗಿನ ತುದಿಗಳು ಒಳಕ್ಕೆ ಬಾಗಿದ್ದವು. ಅಲ್ಲಿನ ಗೌಂಡಿಗಳಿಗೂ ಬಾರ್ ಬೆಂಡರುಗಳಿಗೂ ಓದಲು ಬರುವಂತೆ, ಪ್ರತಿ ಹಂತವನ್ನು ಮುಚ್ಚುವ ಮುನ್ನ ಏನೇನು ನೋಡಬೇಕು ಎಂದು ಕನ್ನಡದಲ್ಲಿ ಒಂದು ಕಾರ್ಡ್ ಬರೆದುಕೊಡು ಎಂದು ಕೇಳಿದ್ದಾನೆ. ಪಾಯದ್ದು ಬರೆದು ಕಳಿಸಿದ್ದೇನೆ, ಕಂಬದ್ದು ಬರೆಯುತ್ತಿದ್ದೇನೆ.